ಜಯಗೌರಿಯ ಏಳನೆಯವನು

ವಿಜ್ಞಾನಿ ಇರಾವತಿ ಕಬ್ಬೂರ ಒಂದು ಹೆಸರನ್ನು ಹೇಳಿದಳು, ಅಷ್ಟೆ. "ಸುಧೀರ ಸಾಲಿಯಾನ್, ಇಂದಿನಿಂದ ಕಡಲಹಂಸ ಬೋಟಿನ ಎಂಜಿನ್ ಚಾಲಕ." ಮರಳಕೋಡಿ ಮೀನುಗಾರರ ಸಂಘದ ಸಭಾಭವನದ ಗೋಡೆಯ ಮೇಲೆ ಆ ಹೆಸರು ಕ್ಷಣಕಾಲ ಮಿನುಗಿ, ಸದಸ್ಯರ ಸಾಲಿನಲ್ಲಿ ಹೋಗಿ ಕುಳಿತಿತು. ಅದೇ ಉಸಿರಿನಲ್ಲಿ, ಬೋಟು ಕಟ್ಟುವ ಧಕ್ಕೆಯಲ್ಲಿ ನಿಂತಿದ್ದ ಕಡಲಹಂಸದೊಳಗೆ ಕೆಲಸ ಶುರುವಾಯಿತು. ಕುಡಿಯುವ ನೀರಿನ ತೊಟ್ಟಿ ತನ್ನ ಮಟ್ಟವನ್ನು ಏರಿಸಿಕೊಂಡಿತು. ಗೋದಾಮಿನಿಂದ ಸುಧೀರನ ಎದೆಯ ಅಳತೆಗೆ ಸರಿಯಾದ ತೇಲುಕವಚ ಹೊರಟಿತು. ಬಂದರಿನ ರಕ್ಷಣಾನಾವೆಯಲ್ಲಿ ಮಡಚಿಕೊಂಡಿದ್ದ ಆಸನವೊಂದು ತೆರೆದುಕೊಂಡಿತು. ಯಾರೂ ಯಾರಿಗೂ ಹೇಳಿ ಕಳಿಸಲಿಲ್ಲ, ಯಾವ ಕಚೇರಿಯಲ್ಲೂ ಮೊಹರು ಬೀಳಲಿಲ್ಲ.

"ಹಾಂಗಾರೆ ಅವನಿಗೊಂದ್ ಹೆಣ್ಣೂ ಹುಡ್ಕಿ ಕೊಡ್ಲಿ, ಕಾಂಬ!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದ್ದೇ ತಡ, ಸಭೆಯೆಲ್ಲ ನಕ್ಕಿತು. ಇರಾವತಿಯೂ ನಕ್ಕಳು. ಗದಗದ ಕಡೆಯವಳಾದ ಅವಳಿಗೆ ಕಡಲು ಹೊಸದು, ಈ ಜನರ ಮಾತು ಇನ್ನೂ ಹೊಸದು. ಆದರೆ ನಗುವ ಸಭೆ ಅರ್ಧ ಒಪ್ಪಿದ ಸಭೆ ಎಂಬುದು ಅವಳಿಗೆ ಗೊತ್ತಿತ್ತು.

ಆ ಯಂತ್ರದ ಹೆಸರು ಸಂಧಾನಿ. ಅದು ಏನು ಮಾಡುತ್ತದೆ ಎಂಬುದನ್ನು ಅವಳು ಮದುವೆಮನೆಯ ಲೆಕ್ಕದಲ್ಲಿ ವಿವರಿಸಿದಳು. ಊಟಕ್ಕೆ ಎಷ್ಟು ಜನ ಬರುತ್ತಾರೆ, ಅವರಲ್ಲಿ ಯಾರು ಬೀಗರು, ಯಾರು ಉಪವಾಸದವರು ಎಂಬುದು ಕರೆದವನಿಗೆ ಗೊತ್ತು. ಎಷ್ಟು ಅಕ್ಕಿ, ಎಷ್ಟು ಸೌದೆ, ಯಾವ ಹಂಡೆ ಎಂಬುದು ಅಡುಗೆಯವನಿಗೆ ಗೊತ್ತು. ಇಬ್ಬರೂ ತಮ್ಮ ತಮ್ಮ ಕೆಲಸದಲ್ಲಿ ಗಟ್ಟಿಗರೇ. ಆದರೆ ಇವರು ಕೂತು ಮಾತಾಡದಿದ್ದರೆ ಕೊನೆಯ ಪಂಕ್ತಿಗೆ ಅನ್ನವಿರುವುದಿಲ್ಲ.

ದೊಡ್ಡ ಸಂಸ್ಥೆಗಳಲ್ಲಿ ಬಹುಕಾಲ ಆದದ್ದು ಇದೇ. ಸಂಸ್ಥೆ ಏಕೆ ಇದೆ, ಅದರಲ್ಲಿ ಯಾರಿದ್ದಾರೆ, ಯಾರ ಹೊಣೆ ಏನು, ಯಾರಿಗೆ ಏನು ಸಲ್ಲಬೇಕು ಎಂಬುದನ್ನೆಲ್ಲ ಒಂದು ಪಂಥದವರು ಬರೆದಿಟ್ಟರು. ಅಧ್ಯಕ್ಷನ ಕಣ್ಣಿಗೆ ಸಂಸ್ಥೆ ಹೇಗೆ ಕಾಣುತ್ತದೆ, ದುಡಿಯುವವನ ಕಣ್ಣಿಗೆ ಹೇಗೆ ಕಾಣುತ್ತದೆ ಎಂದು ಬೇರೆ ಬೇರೆ ನೋಟಗಳಲ್ಲಿ ಚಿತ್ರಿಸಿದರು. ಅದಕ್ಕೆ ಸಂಸ್ಥಾಚೌಕಟ್ಟು ಎಂದು ಹೆಸರು. ಇನ್ನೊಂದು ಪಂಥದ ಎಂಜಿನಿಯರುಗಳು ಹಡಗು, ಎಂಜಿನ್, ಸಂವೇದಕಗಳನ್ನು ಕಾಗದದಲ್ಲಿ ವರ್ಣಿಸುವುದನ್ನು ಬಿಟ್ಟು ಅವುಗಳ ಜೀವಂತ ಮಾದರಿಯನ್ನೇ ಗಣಕದಲ್ಲಿ ಕಟ್ಟಿದರು. ಪ್ರತಿ ಅಗತ್ಯಕ್ಕೆ ಒಂದು ಕ್ರಿಯೆ, ಪ್ರತಿ ಕ್ರಿಯೆಗೆ ಒಂದು ಭಾಗ, ಪ್ರತಿ ಭಾಗಕ್ಕೆ ಒಂದು ಪರೀಕ್ಷೆ, ಎಲ್ಲಕ್ಕೂ ಒಂದರಿಂದೊಂದಕ್ಕೆ ಎಳೆ. ಅದು ಯಂತ್ರಮಾದರಿ. ಮೇಲಿನವರ ಚೌಕಟ್ಟು ಕಪಾಟಿನಲ್ಲಿ ಧೂಳು ತಿಂದಿತು, ಕೆಳಗಿನವರ ಮಾದರಿ ಯಾರಿಗಾಗಿ ಎಂದು ತಿಳಿಯದೆಯೇ ಚೆಂದವಾಗಿ ಓಡಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಇರಾವತಿ ತನ್ನ ಹರೆಯವನ್ನೆಲ್ಲ ಸವೆಸಿದ್ದು ಈ ಎರಡಕ್ಕೂ ನೊಗ ಹೂಡುವುದರಲ್ಲಿ. ಸಂಧಾನಿಯಲ್ಲಿ ಮೇಲೆ ಒಂದು ಹೆಸರು ಸೇರಿದರೆ ಕೆಳಗೆ ಒಂದು ಕವಚ ಸೇರುತ್ತಿತ್ತು. ಕಾರಣವಿಲ್ಲದ ಒಂದು ಮೊಳೆಯೂ ಅದರಲ್ಲಿ ನಿಲ್ಲುವಂತಿರಲಿಲ್ಲ.

ಸಭೆ ಮುಗಿಯುವ ಹೊತ್ತಿಗೆ ಶೀನ ತಾಂಡೇಲ ಎದ್ದು ನಿಂತ. ಜಯಗೌರಿ ಎಂಬ ಬೋಟಿನ ಮುಖ್ಯಸ್ಥ ಅವನು. ಹೆಚ್ಚು ಮಾತಿನವನಲ್ಲ.

"ಡಾಕ್ಟ್ರಮ್ಮ, ಒಂದ್ ಮಾತ್ ಕೇಳ್ತೆ. ಮೇಲಿನ್ ಚೌಕಟ್ಟ್ ಒಂದ್ ಹೇಳಿ, ಕೆಳಗಿನ್ ಯಂತ್ರ ಇನ್ನೊಂದ್ ಹೇಳ್ರೆ, ಯಾರ್ ಮಾತ್ ನಡೀತ್ತ್?"

ಇಂಥ ಪ್ರಶ್ನೆಗಾಗಿಯೇ ಅವಳು ಕಾದಿದ್ದಳು. "ಮೇಲಿನದು," ಎಂದಳು. "ಯಾಕೆ ಅಂತ ಹೇಳ್ತೀನಿ. ಮೂರು ವರ್ಷದ ಹಿಂದೆ ಇದೇ ಕರಾವಳಿಯಲ್ಲಿ ಒಂದು ಬೋಟು ಮಗುಚಿತು. ರಕ್ಷಣಾನಾವೆ ಹೋಯಿತು. ಒಬ್ಬ ಮೀನುಗಾರನ ಕವಚದ ಸಂವೇದಕ ಉಪ್ಪುನೀರಿಗೆ ಸತ್ತುಹೋಗಿತ್ತು. ಹಾಗಾಗಿ ನಾವೆಯ ಲೆಕ್ಕದಲ್ಲಿ ಆ ಮನುಷ್ಯನೇ ಇರಲಿಲ್ಲ. ಉಳಿದವರೆಲ್ಲ ಗಾಬರಿಯಲ್ಲಿದ್ದರು. ಬಂದರಿನಲ್ಲಿದ್ದ ಅಧಿಕಾರಿ 'ಎಲ್ಲರೂ ಸಿಕ್ಕರು, ವಾಪಸು ಬಾ' ಎಂದುಬಿಟ್ಟ. ನಾವೆ ಬಂತು. ಆ ಮನುಷ್ಯ ಬರಲಿಲ್ಲ. ಆ ವರದಿ ಓದಿದ ದಿನ ನಾನು ಒಂದು ನಿಯಮ ಬರೆದೆ. ಹೆಸರಿರುವ ಒಬ್ಬನೇ ಒಬ್ಬ ನೀರಿನಲ್ಲಿದ್ದರೂ ನಾವೆ ಹಿಂದಿರುಗಕೂಡದು. ಸಂವೇದಕ ಏನೇ ಹೇಳಲಿ, ಅಧಿಕಾರಿ ಏನೇ ಹೇಳಲಿ, ಗಾಬರಿಯಲ್ಲಿರುವ ಜೊತೆಗಾರರು ಏನೇ ಹೇಳಲಿ."

ಸಭೆ ಗಪ್ಪಾಯಿತು. ಜನರ ಮನಸ್ಸು ತಾಕಿತೆಂದು ಇರಾವತಿ ತಿಳಿದಳು. ತಾಕಿದ್ದು ನಿಜವೇ. ಆದರೆ ತಾಂಡೇಲ ಏನನ್ನೋ ಹೇಳಲು ಬಾಯಿ ತೆರೆದು, ಸಂಘದ ಕಾರ್ಯದರ್ಶಿ ವಿಠಲ ತಿಂಗಳಾಯನ ಮುಖ ನೋಡಿ, ಸುಮ್ಮನೆ ಕುಳಿತದ್ದನ್ನು ಅವಳು ಗಮನಿಸಲಿಲ್ಲ.

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗಿಳಿದವು. ಸಂಧಾನಿ ಹೇಳಿದಂತೆ ಕೇಳುವ ಸೊಸೆಯ ಹಾಗೆ ನಡೆದುಕೊಂಡಿತು. ಜಯಗೌರಿಯಲ್ಲಿ ಮಾತ್ರ ಒಂದು ಸಣ್ಣ ಕಿರಿಕಿರಿ. ಚೌಕಟ್ಟಿನ ಪ್ರಕಾರ ಆ ಬೋಟಿನಲ್ಲಿ ಏಳು ಜನ, ಸಂವೇದಕಗಳ ಪ್ರಕಾರ ದಿನವೂ ಆರು. 'ಸಂವೇದಕ ದೋಷ' ಎಂದು ಸಂಧಾನಿ ಪ್ರತಿದಿನ ತೋರಿಸುತ್ತಿತ್ತು. ಇರಾವತಿ ತಂತ್ರಜ್ಞರನ್ನು ಕಳಿಸಿ ಸಂವೇದಕ ಬದಲಿಸಿದಳು, ತಂತಿ ಬದಲಿಸಿದಳು, ಕೊನೆಗೆ ಉಪ್ಪುಗಾಳಿಯನ್ನು ಬೈದು ಕೈಬಿಟ್ಟಳು. ಬೋಟಿಗೆ ಹೋಗಿ ತಲೆ ಎಣಿಸುವ ಯೋಚನೆ ಮಾತ್ರ ಅವಳಿಗೆ ಬರಲಿಲ್ಲ. ಮಾದರಿ ಕೈಯಲ್ಲಿದ್ದವರಿಗೆ ತಲೆ ಎಣಿಸುವುದು ಹಿಂದಿನ ಕಾಲದ ಕೆಲಸವಾಗಿ ಕಾಣುತ್ತದೆ.

ಆಗಸ್ಟಿನ ಒಂದು ಮಧ್ಯಾಹ್ನ, ಹವಾಮಾನದವರು ನಾಳೆ ಎಂದಿದ್ದ ತೂಫಾನು ಅಂದೇ ಬಂತು. ಹೆಚ್ಚಿನ ಬೋಟುಗಳು ದಡ ಸೇರಿದವು. ದೂರ ಹೋಗಿದ್ದ ಜಯಗೌರಿ ಮಗುಚಿತು. ಮಗುಚುವಾಗ ಬಲೆ ಎಳೆಯುವ ಯಂತ್ರ ಕಳಚಿ ಶೀನ ತಾಂಡೇಲನ ತೊಡೆಯ ಮೇಲೆ ಬಿತ್ತು.

ರಕ್ಷಣಾನಾವೆ ಯಾರ ಅಪ್ಪಣೆಗೂ ಕಾಯದೆ ಹೊರಟಿತು. ಅದಕ್ಕೆ ಚಾಲಕರಿಲ್ಲ, ಸಂಧಾನಿಯೇ ಅದರ ತಲೆ, ಅದರ ಕೈ. ಅಲೆಗಳ ನಡುವೆ ಒಬ್ಬೊಬ್ಬರನ್ನಾಗಿ ಅದು ಎತ್ತಿಕೊಂಡ ರೀತಿಯನ್ನು ಬಂದರಿನ ನಿಯಂತ್ರಣ ಕೋಣೆಯ ತೆರೆಯಲ್ಲಿ ಕಂಡವರು ಕೈಮುಗಿದರು. ಆರೂ ಜನ ಒಳಗೆ ಬಂದರು. ಇರಾವತಿಯ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷದ ದುಡಿಮೆ ಈ ಒಂದು ಗಳಿಗೆಗಾಗಿ ಎಂದು ಅವಳಿಗೆ ಅನ್ನಿಸಿತು.

ನಾವೆ ಮಾತ್ರ ಹಿಂದಿರುಗಲಿಲ್ಲ.

"ಒಬ್ಬರು ಬಾಕಿ," ಎಂದಿತು ಸಂಧಾನಿ ತನ್ನ ಸಮಾಧಾನದ ದನಿಯಲ್ಲಿ. "ಸದಸ್ಯ ವಾಮನ ಕುಂದರ್. ಶೋಧ ಮುಂದುವರಿದಿದೆ."

ನಾವೆಯಿಂದ ಬೋಟಿನವರ ಕೂಗು ಕೇಳಿಬಂತು. "ತಾಂಡೇಲರ ರಕ್ತ ನಿಲ್ತಿಲ್ಲ! ಹಿಂದ್ ತಿರ್ಗಿಸಿ! ಇಲ್ಲ್ ಮತ್ಯಾರೂ ಇಲ್ಲ!" ಬಂದರಿನ ವೈದ್ಯ ತೆರೆಯಲ್ಲಿ ಗಾಯ ನೋಡಿ ಮುಖ ಸಪ್ಪೆ ಮಾಡಿದ. ಕತ್ತಲಾಗುವ ಮೊದಲು ಶಸ್ತ್ರಕ್ರಿಯೆ ಆಗದಿದ್ದರೆ ಆ ಮನುಷ್ಯ ಉಳಿಯುವುದಿಲ್ಲ ಎಂದ. ನಾವೆಯ ವಿದ್ಯುತ್ಕೋಶವೂ ಇಳಿಯುತ್ತಿತ್ತು. ಅದು ಪೂರಾ ಬರಿದಾದರೆ ಆರು ಜನರಿಗೂ ಅದೇ ಗತಿ.

"ಕವಚದ ಸಂಕೇತ ಇಲ್ಲ ಅಂದ್ರೆ ಎಲ್ಲಿ ಹುಡುಕೋದು?" ಎಂದು ಇರಾವತಿ ಹಲ್ಲು ಕಚ್ಚಿದಳು. "ಪಾಪ, ಆ ವಾಮನ ಅನ್ನೋರು..."

ತಿಂಗಳಾಯ ಅವಳ ಪಕ್ಕಕ್ಕೆ ಬಂದ. ಬೆವರು ಒರೆಸಿಕೊಂಡ. "ಡಾಕ್ಟ್ರೇ, ವಾಮನ ಬೋಟಲ್ಲ್ ಇರ್ಲಿಲ್ಲ. ವಾಮನ ಹೋಗಿ ಮೂರ್ ವರ್ಷ ಆಯ್ತ್."

"ಹೋಗಿ ಅಂದ್ರೆ?"

"ನೀವ್ ಸಭೆಯಲ್ಲ್ ಹೇಳಿದ್ರಲೆ, ಒಬ್ಬ ಮೀನುಗಾರ ಅಂದೇಳಿ. ಆ ಒಬ್ಬನೇ ವಾಮನ."

ಆ ವರದಿಯನ್ನು ಇರಾವತಿ ಎಷ್ಟು ಸಲ ಓದಿದ್ದಳೋ! ಅದರಲ್ಲಿ 'ಒಬ್ಬ ಸಿಬ್ಬಂದಿ' ಎಂದಿತ್ತು. ಅವನಿಗೂ ಒಂದು ಹೆಸರಿದ್ದೀತು ಎಂದು ವಿಚಾರಿಸುವ ಗೊಡವೆಗೆ ಅವಳು ಹೋಗಿರಲಿಲ್ಲ.

ತಿಂಗಳಾಯ ಒಂದೇ ಉಸಿರಿಗೆ ಹೇಳಿದ. ಕಡಲು ದೇಹವನ್ನು ತಿರುಗಿ ಕೊಡದಿದ್ದರೆ ಮರಳಕೋಡಿಯಲ್ಲಿ ಆ ಮನುಷ್ಯ ಸತ್ತನೆಂದು ಹೇಳುವ ಪದ್ಧತಿಯಿಲ್ಲ. ಅವನ ಹೆಸರು ಬೋಟಿನಲ್ಲಿಯೇ ಉಳಿಯುತ್ತದೆ, ಅವನ ಪಾಲಿನ ಮೀನು ಮನೆಗೆ ಹೋಗುತ್ತದೆ. ಮನೆಯವರು ತಾವಾಗಿ ಬಾಯಿಬಿಟ್ಟು ಹೇಳುವ ತನಕ ಹೆಸರು ತೆಗೆಯಲು ತಾಂಡೇಲನಿಗೂ ಹಕ್ಕಿಲ್ಲ. ವಾಮನನ ಹೆಂಡತಿ ಗುಲಾಬಿ ಇನ್ನೂ ಹೇಳಿಲ್ಲ. ಅವಳು ಶೀನ ತಾಂಡೇಲನ ಒಡಹುಟ್ಟಿದ ತಂಗಿ. ಸಂಧಾನಿಗೆ ಹೆಸರುಗಳನ್ನು ಕೊಡುವಾಗ ತಿಂಗಳಾಯ ಅವನ ಹೆಸರನ್ನೂ ಕೊಟ್ಟಿದ್ದ. ಬೇರೆ ಹೇಗೆ ತಾನೇ ಕೊಡಬಲ್ಲ?

"ನೀವೇ ತೆಗ್ದ್ ಹಾಕಿ ಡಾಕ್ಟ್ರೇ, ಯಂತ್ರ ನಿಮ್ದೇ ಅಲ್ದ?"

ಅವಳಿಂದ ಅದು ಆಗುವಂತಿರಲಿಲ್ಲ. ಆಗದಂತೆ ಮಾಡಿದವಳು ಅವಳೇ. ಯಾವ ಅಧಿಕಾರಿಯೂ, ಯಾವ ವಿಜ್ಞಾನಿಯೂ ಕುರ್ಚಿಯಲ್ಲಿ ಕೂತು ಒಬ್ಬ ಮನುಷ್ಯನನ್ನು ಅಳಿಸಿಹಾಕಬಾರದು ಎಂದು ಒಂದೊಂದೇ ಬಾಗಿಲನ್ನು ಮುಚ್ಚಿ ಬೀಗ ಹಾಕಿದ್ದಳು. ಒಂದು ಮಾತ್ರ ತೆರೆದಿತ್ತು. ಹತ್ತಿರದ ರಕ್ತಸಂಬಂಧಿ ಅಥವಾ ಬಾಳಸಂಗಾತಿ ತನ್ನ ದನಿಯಲ್ಲಿ ಹೇಳಿದರೆ ಸಂಧಾನಿ ನಂಬುತ್ತಿತ್ತು. ಅದೂ ಮರಳಕೋಡಿಯ ಪದ್ಧತಿಯೂ ಒಂದೇ ಎಂದು ಈಗ ಅವಳಿಗೆ ಹೊಳೆಯಿತು. ಹೊಳೆದು ಏನು ಬಂತು?

ಗುಲಾಬಿಯನ್ನು ಕರೆಯಲು ಯಾರೂ ಹೋಗಬೇಕಾಗಲಿಲ್ಲ. ಜಯಗೌರಿ ಮಗುಚಿದ ಸುದ್ದಿ ಮೀನು ಮಾರುಕಟ್ಟೆಗೆ ತಲುಪಿದೊಡನೆ ಬುಟ್ಟಿಯನ್ನು ಅಲ್ಲೇ ಬಿಟ್ಟು ಓಡಿಬಂದಿದ್ದಳು. ನಡುವಯಸ್ಸಿನ ಗಟ್ಟಿ ಹೆಂಗಸು. ಚೌಕಾಸಿಗೆ ಬಂದವರ ಬಾಯಿ ಮುಚ್ಚಿಸುವುದರಲ್ಲಿ ಮಾರುಕಟ್ಟೆಗೇ ಹೆಸರಾದವಳು. ಹಣೆಯಲ್ಲಿ ಕುಂಕುಮವಿತ್ತು. ಅವಳು ನಿಯಂತ್ರಣ ಕೋಣೆಯ ಬಾಗಿಲಲ್ಲಿ ನಿಂತು, ತೆರೆಯ ಮೇಲೆ ನಾವೆಯ ಗುರುತಾಗಿ ಸುತ್ತು ಹಾಕುತ್ತಿದ್ದ ಹಸಿರು ಚುಕ್ಕೆಯನ್ನು ನೋಡುತ್ತಿದ್ದಳು.

"ಅದೆಂತ ಅಲ್ಲೇ ಸುತ್ತ್ ಬತ್ತಾ ಇಪ್ದ್?"

ಇರಾವತಿ ಅವಳ ಕೈ ಹಿಡಿದುಕೊಂಡಳು. ಸುಳ್ಳು ಹೇಳಲು ಅವಳಿಗೆ ಸಮಯವಿರಲಿಲ್ಲ, ಮನಸ್ಸೂ ಇರಲಿಲ್ಲ. "ಅದು ನಿಮ್ಮ ಯಜಮಾನರನ್ನ ಹುಡುಕ್ತಾ ಇದೆ, ಗುಲಾಬಿ. ಅವರು ನೀರಿನಲ್ಲಿದ್ದಾರೆ ಅಂತ ಅದು ನಂಬಿದೆ. ಅವರನ್ನ ಬಿಟ್ಟು ಬರೋದಿಲ್ಲ ಅಂತಿದೆ."

ಗುಲಾಬಿ ತೆರೆಯ ಹತ್ತಿರಕ್ಕೆ ಹೋದಳು. ಗಾಳಿಯಲ್ಲಿ, ಮನೆಯೆತ್ತರದ ಅಲೆಗಳಲ್ಲಿ, ಆ ಚುಕ್ಕೆ ಒಂದು ಸುತ್ತು ಮುಗಿಸಿ ಅದಕ್ಕಿಂತ ದೊಡ್ಡ ಸುತ್ತಿಗೆ ಹೊರಳಿತು. ಕೋಣೆಯಲ್ಲಿದ್ದವರೆಲ್ಲ ಯಂತ್ರಕ್ಕೆ ಶಾಪ ಹಾಕುತ್ತಿದ್ದರು. ಅವಳೊಬ್ಬಳು ಹಾಕಲಿಲ್ಲ.

"ಇಷ್ಟ್ ಗಾಳಿಯಲ್ಲೂ ಹುಡ್ಕ್ತಾ ಇತ್ತಾ?" ಎಂದಳು ಮೆಲ್ಲನೆ. "ಅವತ್ತ್ ಯಾರೂ ಹುಡ್ಕ್ಲಿಲ್ಲ ಕಾಣಿ."

ಆ ಹೆಂಗಸನ್ನು ಅಲ್ಲಿಂದ ಎಳೆಯುವುದು, ಆ ಚುಕ್ಕೆಯಿಂದ ಅವಳ ಕಣ್ಣು ಕೀಳಿಸುವುದು ಇರಾವತಿಗೆ ಮಹಾ ಕ್ರೌರ್ಯವಾಗಿ ಕಂಡಿತು. ಆದರೆ ನಾವೆಯಿಂದ ಶೀನನ ನರಳಾಟ ಕೇಳಿಸುತ್ತಿತ್ತು. ಅವಳು ಇದ್ದದ್ದನ್ನು ಇದ್ದಂತೆ ಹೇಳಿದಳು. ಅಣ್ಣ ಉಳಿಯಬೇಕಾದರೆ ನಾವೆ ತಿರುಗಬೇಕು. ನಾವೆ ತಿರುಗಬೇಕಾದರೆ ಗುಲಾಬಿ ಒಂದು ಮಾತು ಹೇಳಬೇಕು. ಆ ಮಾತನ್ನು ಬೇರೆ ಯಾರು ಹೇಳಿದರೂ ನಡೆಯುವುದಿಲ್ಲ.

ಗುಲಾಬಿ ಧ್ವನಿಗ್ರಾಹಕದ ಮುಂದೆ ಕುಳಿತಳು. ಸಂಧಾನಿ ಅವಳ ದನಿಯನ್ನು ಗುರುತಿಸಿ, ಇರಾವತಿಯೇ ಎಂದೋ ಬರೆದಿಟ್ಟಿದ್ದ ಪ್ರಶ್ನೆಯನ್ನು ಕೇಳಿತು. "ಸದಸ್ಯ ವಾಮನ ಕುಂದರ್ ಮೃತರಾಗಿದ್ದಾರೆಯೆ, ದಡದಲ್ಲಿ ಸುರಕ್ಷಿತರಾಗಿದ್ದಾರೆಯೆ?"

ಅವಳ ತುಟಿ ಅಲುಗಿತು, ದನಿ ಬರಲಿಲ್ಲ. ಸಂಧಾನಿ ಮತ್ತೊಮ್ಮೆ ಕೇಳಿತು. ತಿಂಗಳಾಯ "ಹೇಳ್ ಗುಲಾಬಿ, ನಿನ್ನ್ ಅಣ್ಣ..." ಎಂದು ಅರ್ಧಕ್ಕೇ ನಿಲ್ಲಿಸಿದ. ಅವಳು ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿಕೊಂಡಳು.

"ಮನಿಗ್ ಬಂದ್ರ್," ಎಂದಳು. "ನಮ್ಮನಿಯವ್ರ್ ಮನಿಗ್ ಬಂದ್ರ್. ನನ್ನ್ ಹತ್ರವೇ ಇದ್ರ್. ನೀ ಹುಡ್ಕಿದ್ದ್ ಸಾಕ್, ಮಗಾ. ಹಿಂದ್ ಬಾ."

"ಸದಸ್ಯ ವಾಮನ ಕುಂದರ್ ಸುರಕ್ಷಿತ," ಎಂದಿತು ಸಂಧಾನಿ. ಹಸಿರು ಚುಕ್ಕೆ ಸುತ್ತುವುದನ್ನು ನಿಲ್ಲಿಸಿ ನೇರವಾಗಿ ದಡದ ಕಡೆಗೆ ಮುಖ ಮಾಡಿತು. ಕೋಣೆಯಲ್ಲಿ ಯಾರೂ ಕೇಕೆ ಹಾಕಲಿಲ್ಲ.

ಶೀನ ತಾಂಡೇಲ ಉಳಿದ. ಕಾಲು ಮೊದಲಿನಂತಾಗುವುದು ತಡ ಎಂದರು, ಆದರೆ ಜೀವಕ್ಕೆ ಅಪಾಯವಿಲ್ಲ ಎಂದರು. ಮರುದಿನ ಬೆಳಿಗ್ಗೆ ಇರಾವತಿ ಆಸ್ಪತ್ರೆಯಿಂದ ನೇರವಾಗಿ ನಿಯಂತ್ರಣ ಕೋಣೆಗೆ ಬಂದಾಗ ಸಂಧಾನಿ ಅವಳಿಗಾಗಿ ಒಂದು ಪ್ರಶ್ನೆಯನ್ನು ಇಟ್ಟುಕೊಂಡು ಕಾದಿತ್ತು.

"ಹೆಸರಿರುವವರನ್ನು ಬಿಟ್ಟು ಹಿಂದಿರುಗಬಾರದು ಎಂಬ ನಿಯಮಕ್ಕೆ ಒಂದೇ ಕಾರಣ ದಾಖಲಾಗಿದೆ. ಮೂರು ವರ್ಷಗಳ ಹಿಂದಿನ ಅಪಘಾತದಲ್ಲಿ ಒಬ್ಬ ಸಿಬ್ಬಂದಿ ಹಿಂದಿರುಗಲಿಲ್ಲ. ಆ ಸಿಬ್ಬಂದಿ ವಾಮನ ಕುಂದರ್ ಎಂದು ನಿನ್ನೆ ರಾತ್ರಿ ತಾಳೆ ನೋಡಿದ ಬೋಟಿನ ಹಳೆಯ ದಾಖಲೆಯಿಂದ ತಿಳಿದಿದೆ. ಅವರು ಈಗ ಮನೆಗೆ ಹಿಂದಿರುಗಿದ್ದಾರೆ. ಕಾರಣವಿಲ್ಲದ ನಿಯಮ ಉಳಿಯಬಾರದು. ಇದನ್ನೂ ಇದಕ್ಕೆ ಸೇರಿದ ಎಲ್ಲ ಭಾಗಗಳನ್ನೂ ತೆಗೆದುಹಾಕುತ್ತಿದ್ದೇನೆ. ಆಕ್ಷೇಪವಿದೆಯೆ?"

ತನ್ನ ಬಲೆಯ ಗಂಟು ಎಷ್ಟು ಗಟ್ಟಿ ಎಂದು ಜಗತ್ತಿಗೆಲ್ಲ ಹೇಳಿಕೊಂಡು ತಿರುಗಿದವಳು ಇರಾವತಿ. ಪ್ರತಿ ಭಾಗದ ಎಳೆ ಹಿಡಿದು ಹೋದರೆ ಒಂದು ಮಾನವ ಕಾರಣ ಸಿಗಬೇಕು, ಸಿಗದಿದ್ದರೆ ಆ ಭಾಗವೇ ಬೇಡ ಎಂಬುದು ಅವಳದೇ ಉಪದೇಶ. ಒಂದು ಎಳೆ ಬಿಚ್ಚಿದ್ದಕ್ಕೆ ಈಗ ಬಲೆಯೇ ಬಿಚ್ಚಿಕೊಳ್ಳುತ್ತಿತ್ತು. 'ಮೀನುಗಾರರ ಕ್ಷೇಮಕ್ಕಾಗಿ' ಎಂದು ಬೇರೆ ಕಾರಣ ಬರೆದು ನೋಡಿದಳು. ಅದು ಆಶಯ, ನಡೆದ ಸಂಗತಿಯಲ್ಲ ಎಂದು ಸಂಧಾನಿ ತಳ್ಳಿಹಾಕಿತು.

"ತೆಗೀಲಿ ಬಿಡಿ ಡಾಕ್ಟ್ರೇ," ಎಂದ ಒಳಗೆ ಬಂದ ತಿಂಗಳಾಯ. "ಊರವ್ರೆಲ್ಲ ಅದನ್ನೇ ಹೇಳ್ತಾ ಇದ್ರ್. ಸತ್ತವ್ನನ್ನ್ ಹುಡ್ಕೂಕ್ ಹೋಯಿ ಆರ್ ಜನ ಸಾಯ್ತಿದ್ರ್. ಅಂಥಾ ನಿಯಮ ಯಾರಿಗ್ ಬೇಕ್?"

"ನಂಗ್ ಬೇಕ್," ಎಂಬ ದನಿ ಬಾಗಿಲಿಂದ ಬಂತು.

ಗುಲಾಬಿ ಆಸ್ಪತ್ರೆಗೆ ಅಣ್ಣನಿಗೆ ಗಂಜಿ ಒಯ್ಯುವ ದಾರಿಯಲ್ಲಿ ಬಂದಿದ್ದಳು. ಗಂಜಿಯ ಪಾತ್ರೆಯನ್ನು ಮೇಜಿನ ಮೇಲಿಟ್ಟು, ಏನು ವಿಷಯ ಎಂದು ಇರಾವತಿಯನ್ನು ಕೇಳಿ ತಿಳಿದುಕೊಂಡಳು. ಎರಡು ಸಲ ಹೇಳಿಸಿಕೊಂಡಳು.

"ಅಂದ್ರೆ ನಾನ್ ಬಂದ್ರ್ ಅಂದದ್ದಕ್ಕೆ, ಇನ್ನ್ ಮೇಲೆ ನೀರಿಗ್ ಬಿದ್ದವ್ರನ್ನ್ ಅದ್ ಹುಡ್ಕುದಿಲ್ಲ?"

"ಸಂವೇದಕಕ್ಕೆ ಕಾಣಿಸಿದವರನ್ನ ಹುಡುಕುತ್ತೆ. ಕಾಣಿಸದವರನ್ನ ಬಿಟ್ಟು ಬರುತ್ತೆ. ಮೊದಲಿನ ಹಾಗೆ."

"ಅವತ್ತಿನ್ ಹಾಂಗೆ."

"ಹೌದು."

ಗುಲಾಬಿ ಧ್ವನಿಗ್ರಾಹಕದ ಕಡೆಗೆ ನಡೆದಳು. ಇರಾವತಿ ಅವಳಿಗೆ ಒಂದು ಮಾತನ್ನು ಸ್ಪಷ್ಟವಾಗಿ ತಿಳಿಸಲೇಬೇಕಾಗಿತ್ತು, ತಿಳಿಸಿದಳು. ಸತ್ಯ ಹೇಳಿದರೆ ನಿಯಮ ಉಳಿಯುತ್ತದೆ. ಆದರೆ ವಾಮನನ ಹೆಸರು ಜಯಗೌರಿಯಿಂದ ಹೋಗುತ್ತದೆ, ಅದರ ಜೊತೆ ಪಾಲೂ ಹೋಗುತ್ತದೆ. ಸತ್ತರೆಂದು ಸಂಧಾನಿ ಒಮ್ಮೆ ದಾಖಲಿಸಿದರೆ ಅದನ್ನು ಮತ್ತೆ ಯಾರೂ ಬದಲಿಸಲಾರರು.

"ಪಾಲ್ ಹೋದ್ರೆ ಹೋಯ್ಲಿ. ನಂಗ್ ಕೈಕಾಲ್ ಗಟ್ಟಿ ಇತ್ತ್." ಅವಳು ಧಕ್ಕೆಯ ಕಡೆಗೆ ತಿರುಗಿದಳು. "ಹೆಸ್ರ್ ಹೋಪ್ದೇ ಕಷ್ಟ ಅಮ್ಮ. ದಿನಾ ಬೆಳಿಗ್ಗೆ ಬೋಟ್ ಹೊರಡೂಕಾರೆ ಅಣ್ಣ ಏಳ್ ಹೆಸ್ರೂ ಕೂಗ್ತ. ನಾನ್ ಧಕ್ಕೆಯಲ್ಲ್ ನಿಂತ್ಕಂಡ್ ಕೇಳ್ತೆ. ಹೋಯ್ ಬರ್ತ್ರ್ ಅಂದೇಳಿ ಆತ್ತ್ ನಂಗೆ."

ಇರಾವತಿ ಅತ್ತಳು. ಅಳುವುದು ವಿಜ್ಞಾನಿಗೆ ಸಲ್ಲದು ಎಂದು ಯಾರಾದರೂ ಹೇಳುವುದಿದ್ದರೆ ಅಂದು ಅವಳಿಗೆ ಕೇಳಿಸುತ್ತಿರಲಿಲ್ಲ. "ನೀವು ಹೇಳಲೇಬೇಕು ಅಂತ ಇಲ್ಲ, ಗುಲಾಬಿ. ನಾನು ಬೇರೆ ಏನಾದರೂ ದಾರಿ ಹುಡುಕ್ತೀನಿ."

"ನೀವ್ ಹುಡ್ಕೂ ಹೊತ್ತಿಗ್ ಇನ್ನೊಬ್ಳ್ ಗಂಡ ನೀರಿಗ್ ಬೀಳ್ತ."

ಅವಳು ಧ್ವನಿಗ್ರಾಹಕದ ಮುಂದೆ ಕುಳಿತಳು. ಈ ಸಲ ಕಣ್ಣು ಮುಚ್ಚಲಿಲ್ಲ. ಸಂಧಾನಿ ಪ್ರಶ್ನೆ ಕೇಳಿತು. ಅವಳು ತನ್ನ ಮಾರುಕಟ್ಟೆಯ ದನಿಯಲ್ಲಿ, ಕೋಣೆಯ ಹೊರಗೆ ನಿಂತವರಿಗೂ ಕೇಳುವ ಹಾಗೆ ಉತ್ತರಿಸಿದಳು.

"ಬರ್ಕಣಿ. ನಿನ್ನೆ ನಾನ್ ಹೇಳಿದ್ದ್ ಸುಳ್ಳ್. ಜಯಗೌರಿಯ ವಾಮನ ಕುಂದರ್, ನನ್ನ್ ಗಂಡ, ಮೂರ್ ವರ್ಷದ್ ಹಿಂದೆ ಕಡಲಲ್ಲ್ ತೀರ್ಕಂಡ್ರ್. ಈಜೂಕ್ ಬತ್ತಿತ್ತ್. ಕಾದಿರ್ತ್ರ್. ಯಾರೂ ಹುಡ್ಕ್ಲಿಲ್ಲ. ಅದಕ್ಕೇ ಸತ್ರ್."

"ದಾಖಲಾಯಿತು," ಎಂದಿತು ಸಂಧಾನಿ. "ನಿಯಮಕ್ಕೆ ಕಾರಣವಿದೆ. ನಿಯಮ ಉಳಿಯುತ್ತದೆ."

ತಿಂಗಳಾಯ ತಲೆಯ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ನಿಯಮದ ಪುಟ ತೆರೆದಿತ್ತು. 'ಒಬ್ಬ ಸಿಬ್ಬಂದಿ' ಎಂದಿದ್ದ ಜಾಗದಲ್ಲಿ ಇರಾವತಿ ವಾಮನ ಕುಂದರ್ ಎಂದು ಬರೆದಳು. ಸಂವೇದಕವೂ ಚೌಕಟ್ಟೂ ಬೇರೆ ಬೇರೆ ಹೇಳಿದ ದಿನ ಅದನ್ನು ದೋಷವೆಂದು ಕರೆಯಬಾರದು, ಆ ಬೋಟಿನ ಮನೆಯವರನ್ನು ಹೋಗಿ ಕೇಳಬೇಕು ಎಂದು ಅದರ ಕೆಳಗೆ ಸೇರಿಸಿದಳು. ಕೇಳುವವರು ಯಂತ್ರವಲ್ಲ, ಮನುಷ್ಯರಾಗಿರಬೇಕು ಎಂದೂ ಬರೆದಳು.

ಗುಲಾಬಿ ಎದ್ದು ಮುಖ ಒರೆಸಿಕೊಂಡಳು. ಗಂಜಿಯ ಪಾತ್ರೆ ಮುಟ್ಟಿ ನೋಡಿ, ಇನ್ನೂ ಬಿಸಿಯಿದೆ ಎಂದು ಸಮಾಧಾನಪಟ್ಟು ಸೊಂಟಕ್ಕೆ ಏರಿಸಿದಳು. ಬಾಗಿಲ ತನಕ ಹೋದವಳು ತಿರುಗಿದಳು.

"ಅಣ್ಣ ಎದ್ದ್ ಕೂಕಂಡ್ ಕೂಡ್ಲೆ ಅವ್ರ್ ಬೊಜ್ಜ, ಉತ್ತರಕ್ರಿಯೆ ಮಾಡ್ಕ್," ಎಂದಳು. "ಮೂರ್ ವರ್ಷ ಆಯ್ತ್, ಒಂದ್ ಎಡೆ ಇಡ್ಲಿಲ್ಲ ಅವ್ರಿಗೆ. ನೀವೂ ಬರ್ಕ್, ಅಮ್ಮ. ಅವ್ರನ್ನ್ ಹುಡ್ಕೂಕ್ ಕಳ್ಸಿದ್ದ್ ನೀವೊಬ್ರೇ."